ನ್ಯೂಟ್ರಾನ್ ಲಾಗಿಂಗ್ ಮತ್ತು ಭೂಗರ್ಭದ ತೈಲ: ಮಲೆನಾಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗದಲ್ಲಿ ಪದವಿ ತರಗತಿಗಳಿಗೆ ಭೌತಶಾಸ್ತ್ರ ಕಲಿಸುವ ನನಗೆ ಈ ಪ್ರಶ್ನೆಗಳು ಎರಡು ಕಡೆಯಿಂದ ಬರುತ್ತವೆ. ನ್ಯೂಟ್ರಾನಿನ ಪಾಠ ಮುಗಿದ ಮೇಲೆ ಅದರ ಉಪಯೋಗವೇನೆಂದು ಕೇಳುವ ವಿದ್ಯಾರ್ಥಿಗಳು ಒಂದು ಕಡೆಯಾದರೆ, ಬೋರ್‌ವೆಲ್ ಕೊರೆಸಿ ನೀರು ಕಾಣದ ತೋಟದವರು ಇನ್ನೊಂದು ಕಡೆ. ಇಬ್ಬರಿಗೂ ಒಂದೇ ಕಡೆ ಉತ್ತರ ಸಿಗಲೆಂದು ಇದನ್ನು ಬರೆದಿದ್ದೇನೆ.

ಬಾವಿ ಲಾಗಿಂಗ್ ಎಂದರೇನು?

ತೈಲಕ್ಕಾಗಿ ಕೊರೆದ ಬಾವಿಯೊಳಗೆ ಅಳತೆಯ ಉಪಕರಣಗಳನ್ನು ಉಕ್ಕಿನ ಕೇಬಲ್ಲಿನಲ್ಲಿ ತಳದವರೆಗೆ ಇಳಿಸಿ, ನಿಧಾನವಾಗಿ ಮೇಲಕ್ಕೆ ಎಳೆಯುತ್ತಾ, ಪ್ರತಿಯೊಂದು ಆಳದಲ್ಲೂ ಸುತ್ತಲಿನ ಶಿಲೆಯ ಗುಣಗಳನ್ನು ದಾಖಲಿಸುವುದಕ್ಕೆ ಲಾಗಿಂಗ್ ಎನ್ನುತ್ತಾರೆ. ಹೀಗೆ ದೊರೆತ ಉದ್ದನೆಯ ನಕ್ಷೆಯೇ ಲಾಗ್. ಬಾವಿಯಿಂದ ಶಿಲೆಯ ತುಂಡುಗಳನ್ನು ಮೇಲಕ್ಕೆ ತರುವ ಕ್ರಮವೂ ಇದೆಯಾದರೂ ಅದು ದುಬಾರಿ. ಸಾವಿರಾರು ಮೀಟರ್ ಉದ್ದಕ್ಕೂ ಹಾಗೆ ಮಾಡುವುದು ಆಗದ ಮಾತು. ಆದ್ದರಿಂದ ಯಾವ ಪದರ ಮರಳುಗಲ್ಲು, ಯಾವುದು ಸುಣ್ಣಕಲ್ಲು, ಯಾವುದರಲ್ಲಿ ರಂಧ್ರಗಳಿವೆ, ಆ ರಂಧ್ರಗಳಲ್ಲಿ ತುಂಬಿರುವುದು ಏನು ಎಂಬುದನ್ನು ಬಹುಮಟ್ಟಿಗೆ ಲಾಗ್ ನೋಡಿಯೇ ನಿರ್ಧರಿಸಬೇಕಾಗುತ್ತದೆ. ಇಂತಹ ಮೊದಲ ವಿದ್ಯುತ್ ಲಾಗ್ ಅನ್ನು 1927ರಲ್ಲಿ ಫ್ರಾನ್ಸಿನ ಪೆಶೆಲ್‌ಬ್ರಾನ್ ತೈಲಕ್ಷೇತ್ರದಲ್ಲಿ ಶ್ಲುಂಬರ್ಜೆ ಸೋದರರ ಸಂಸ್ಥೆ ದಾಖಲಿಸಿತು.

ಇದಕ್ಕೆ ನ್ಯೂಟ್ರಾನೇ ಏಕೆ ಬೇಕು?

ಪರಮಾಣು ಬೀಜದೊಳಗಿನ ಕಣವಾದ ನ್ಯೂಟ್ರಾನಿಗೆ ವಿದ್ಯುದಂಶವಿಲ್ಲ. ಆದ್ದರಿಂದ ಎಲೆಕ್ಟ್ರಾನುಗಳ ಸೆಳೆತಕ್ಕೆ ಸಿಗದೆ, ಕೊರೆಯುವಾಗ ಬಾವಿಗೆ ತುಂಬಿದ ಕೆಸರನ್ನೂ ಉಕ್ಕಿನ ಕೊಳವೆಯನ್ನೂ ದಾಟಿ ಶಿಲೆಯೊಳಗೆ ನುಗ್ಗುತ್ತದೆ. ಅಲ್ಲಿ ಅದರ ವೇಗವನ್ನು ಕುಗ್ಗಿಸುವುದು ಪರಮಾಣು ಬೀಜಗಳೊಂದಿಗಿನ ಡಿಕ್ಕಿ ಮಾತ್ರ. ಇಡೀ ವಿಧಾನದ ಜೀವಾಳವಿರುವುದು ಈ ಡಿಕ್ಕಿಯಲ್ಲಿ.

ಗೋಲಿಯೊಂದು ಒರಳುಕಲ್ಲಿಗೆ ಬಡಿದರೆ ಹೆಚ್ಚುಕಡಿಮೆ ಬಂದ ವೇಗದಲ್ಲೇ ಹಿಂದಕ್ಕೆ ಪುಟಿಯುತ್ತದೆ. ಅದೇ ಗೋಲಿ ಇನ್ನೊಂದು ಗೋಲಿಗೆ ನೇರವಾಗಿ ಬಡಿದರೆ ತನ್ನ ವೇಗವನ್ನೆಲ್ಲ ಅದಕ್ಕೆ ಕೊಟ್ಟು ತಾನು ನಿಂತುಬಿಡುತ್ತದೆ. ಜಲಜನಕದ ಬೀಜದ ತೂಕ ನ್ಯೂಟ್ರಾನಿನ ತೂಕಕ್ಕೆ ಬಹುತೇಕ ಸಮ. ಆದ ಕಾರಣ ಒಂದು ನೇರ ಡಿಕ್ಕಿಯಲ್ಲಿ ನ್ಯೂಟ್ರಾನ್ ತನ್ನ ಶಕ್ತಿಯನ್ನೆಲ್ಲ ಜಲಜನಕಕ್ಕೆ ಬಿಟ್ಟುಕೊಡಬಹುದು, ಸರಾಸರಿಯಲ್ಲಿ ಅರ್ಧದಷ್ಟನ್ನಂತೂ ಬಿಟ್ಟೇ ಬಿಡುತ್ತದೆ. ಅದೇ ನ್ಯೂಟ್ರಾನ್ ಇಂಗಾಲಕ್ಕೆ ಬಡಿದರೆ ಒಂದು ಡಿಕ್ಕಿಯಲ್ಲಿ ಹೆಚ್ಚೆಂದರೆ ಶೇ. 28, ಆಮ್ಲಜನಕಕ್ಕೆ ಬಡಿದರೆ ಶೇ. 22, ಸಿಲಿಕಾನಿಗೆ ಬಡಿದರೆ ಶೇ. 13ರಷ್ಟು ಶಕ್ತಿಯನ್ನು ಮಾತ್ರ ಕಳೆದುಕೊಳ್ಳುತ್ತದೆ. 20 ಲಕ್ಷ ಎಲೆಕ್ಟ್ರಾನ್ ವೋಲ್ಟ್ (ಕಣಗಳ ಶಕ್ತಿಯನ್ನು ಅಳೆಯುವ ಮಾನ) ಶಕ್ತಿಯ ನ್ಯೂಟ್ರಾನ್ ಸುತ್ತಲಿನ ಶಾಖದ ಮಟ್ಟಕ್ಕೆ, ಅಂದರೆ 0.025 ಎಲೆಕ್ಟ್ರಾನ್ ವೋಲ್ಟಿಗೆ ಇಳಿಯಬೇಕಾದರೆ ಜಲಜನಕದಲ್ಲಿ ಸುಮಾರು 18 ಡಿಕ್ಕಿಗಳು ಸಾಕು. ಇಂಗಾಲದಲ್ಲಿ ಸುಮಾರು 115, ಆಮ್ಲಜನಕದಲ್ಲಿ 150, ಸಿಲಿಕಾನಿನಲ್ಲಿ 260 ಡಿಕ್ಕಿಗಳು ಬೇಕು.

ಮರಳುಗಲ್ಲೆಂದರೆ ಸಿಲಿಕಾನ್ ಮತ್ತು ಆಮ್ಲಜನಕ. ಸುಣ್ಣಕಲ್ಲೆಂದರೆ ಕ್ಯಾಲ್ಸಿಯಂ, ಇಂಗಾಲ ಮತ್ತು ಆಮ್ಲಜನಕ. ಶುದ್ಧವಾದ ಈ ಶಿಲೆಗಳ ಘನಭಾಗದಲ್ಲಿ ಜಲಜನಕವಿಲ್ಲ. ಜಲಜನಕವಿರುವುದು ರಂಧ್ರಗಳಲ್ಲಿ ತುಂಬಿದ ನೀರಿನಲ್ಲಿ, ಇಲ್ಲವೇ ತೈಲದಲ್ಲಿ. ಹೀಗಾಗಿ ನ್ಯೂಟ್ರಾನುಗಳು ಬೇಗ ನಿಧಾನಗೊಂಡವೆಂದರೆ ರಂಧ್ರಗಳು ಹೆಚ್ಚು, ದೂರದವರೆಗೆ ಹೋದವೆಂದರೆ ಕಡಿಮೆ ಎಂದು ತಿಳಿಯಬಹುದು.

ನ್ಯೂಟ್ರಾನುಗಳನ್ನು ಎಲ್ಲಿಂದ ತರುತ್ತಾರೆ?

ಹೆಚ್ಚು ಬಳಕೆಯಲ್ಲಿರುವುದು ಅಮೆರಿಸಿಯಂ-241 ಮತ್ತು ಬೆರಿಲಿಯಂ ಪುಡಿಗಳ ಮಿಶ್ರಣ. ಅಮೆರಿಸಿಯಂ ಹೊರಸೂಸುವ ಆಲ್ಫಾ ಕಣ ಬೆರಿಲಿಯಂ ಬೀಜಕ್ಕೆ ಬಡಿದಾಗ ಇಂಗಾಲವೂ ಒಂದು ನ್ಯೂಟ್ರಾನೂ ಹುಟ್ಟುತ್ತವೆ. ಹೀಗೆ ಹೊರಬರುವ ನ್ಯೂಟ್ರಾನುಗಳ ಸರಾಸರಿ ಶಕ್ತಿ 40 ಲಕ್ಷ ಎಲೆಕ್ಟ್ರಾನ್ ವೋಲ್ಟಿಗಿಂತ ತುಸು ಹೆಚ್ಚು. ಅಮೆರಿಸಿಯಂನ ಅರ್ಧಾಯು, ಅಂದರೆ ಅದರ ವಿಕಿರಣ ಅರ್ಧಕ್ಕೆ ಇಳಿಯಲು ಬೇಕಾದ ಕಾಲ, ಸುಮಾರು 432 ವರ್ಷವಾದ್ದರಿಂದ ಒಂದು ಉಪಕರಣದ ಆಯುಷ್ಯದಲ್ಲಿ ಇದರ ಬಲ ಕುಂದುವುದೇ ಇಲ್ಲವೆನ್ನಬಹುದು. ಇನ್ನೊಂದು ಬಗೆಯೆಂದರೆ ನ್ಯೂಟ್ರಾನ್ ಜನಕ: ಜಲಜನಕದ ಭಾರವಾದ ರೂಪಗಳಲ್ಲೊಂದಾದ ಡ್ಯುಟೀರಿಯಂನ ಅಯಾನುಗಳನ್ನು ಅಧಿಕ ವೋಲ್ಟೇಜಿನಲ್ಲಿ ಇನ್ನೊಂದು ರೂಪವಾದ ಟ್ರಿಟಿಯಂ ಇರುವ ಗುರಿಗೆ ಹಾಯಿಸಿ, ಅವೆರಡರ ಸಮ್ಮಿಲನದಿಂದ 1.41 ಕೋಟಿ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ನ್ಯೂಟ್ರಾನುಗಳನ್ನು ಪಡೆಯುವ ಸಣ್ಣ ವೇಗವರ್ಧಕ. ವಿದ್ಯುತ್ ನಿಲ್ಲಿಸಿದರೆ ನ್ಯೂಟ್ರಾನುಗಳೂ ನಿಲ್ಲುವುದು ಇದರ ದೊಡ್ಡ ಅನುಕೂಲ.

ಉಪಕರಣ ನಿಜವಾಗಿ ಎಣಿಸುವುದು ಏನನ್ನು?

ನ್ಯೂಟ್ರಾನ್ ಹೊರಸೂಸುವ ಆಕರದಿಂದ ಸ್ವಲ್ಪ ದೂರದಲ್ಲಿ ಒಂದು, ಇನ್ನಷ್ಟು ದೂರದಲ್ಲಿ ಇನ್ನೊಂದು, ಹೀಗೆ ಎರಡು ಶೋಧಕಗಳಿರುತ್ತವೆ. ಸಾಮಾನ್ಯವಾಗಿ ಅವು ಹೀಲಿಯಂ-3 ಅನಿಲ ತುಂಬಿದ ಕೊಳವೆಗಳು. ನಿಧಾನಗೊಂಡು ಮರಳಿ ಬಂದ ನ್ಯೂಟ್ರಾನುಗಳನ್ನು ಅವು ಎಣಿಸುತ್ತವೆ. ಶಿಲೆಯಲ್ಲಿ ಜಲಜನಕ ಹೆಚ್ಚಿದ್ದರೆ ನ್ಯೂಟ್ರಾನುಗಳು ಆಕರದ ಹತ್ತಿರವೇ ಸೋತು ನಿಲ್ಲುತ್ತವೆ, ದೂರದ ಶೋಧಕದ ಎಣಿಕೆ ಇಳಿಯುತ್ತದೆ. ಒಂದೇ ಶೋಧಕದ ಎಣಿಕೆಯನ್ನು ನಂಬಿದರೆ ಬಾವಿಯ ಅಗಲ ಬದಲಾದಾಗಲೆಲ್ಲ ತಪ್ಪಾಗುತ್ತದೆ. ಎರಡರ ಅನುಪಾತವನ್ನು ತೆಗೆದುಕೊಂಡರೆ ಆ ದೋಷ ಬಹಳಷ್ಟು ತಗ್ಗುತ್ತದೆ. ಈ ಅನುಪಾತವನ್ನು ರಂಧ್ರತೆಯ, ಅಂದರೆ ಶಿಲೆಯ ಗಾತ್ರದಲ್ಲಿ ರಂಧ್ರಗಳ ಪಾಲಿನ, ಶೇಕಡಾ ಪ್ರಮಾಣಕ್ಕೆ ಪರಿವರ್ತಿಸಿ, ರೂಢಿಯಂತೆ ಸುಣ್ಣಕಲ್ಲಿನ ಮಾಪನದಲ್ಲಿ, ಅಂದರೆ ಶಿಲೆ ಸುಣ್ಣಕಲ್ಲೇ ಎಂದಿಟ್ಟುಕೊಂಡು, ಬರೆಯುತ್ತಾರೆ.

ಉಪಕರಣಕ್ಕೆ ಕಾಣುವುದು ಬಾವಿಯ ಗೋಡೆಯಿಂದ ಸುಮಾರು 25 ಸೆಂಟಿಮೀಟರಿನಷ್ಟು ಒಳಗಿನ ಭಾಗ ಮಾತ್ರ. ಎಳೆಯುವ ವೇಗ ನಿಮಿಷಕ್ಕೆ ಸುಮಾರು 9 ಮೀಟರ್.

ಹಾಗಾದರೆ ನ್ಯೂಟ್ರಾನ್ ಲಾಗ್ ತೈಲವನ್ನು ಪತ್ತೆಹಚ್ಚುತ್ತದೆಯೇ?

ಪತ್ರಿಕೆಗಳಲ್ಲಿ ಬರುವ ವರದಿಗಳು ಬಹುಪಾಲು ತಪ್ಪು ಕಲ್ಪನೆ ಕೊಡುವುದು ಇಲ್ಲಿಯೇ. ನೇರವಾಗಿ ಹೇಳಬೇಕೆಂದರೆ, ಸಾಮಾನ್ಯ ನ್ಯೂಟ್ರಾನ್ ಲಾಗ್ ಒಂದರಿಂದಲೇ ತೈಲವನ್ನು ನೀರಿನಿಂದ ಬೇರೆಯಾಗಿ ಗುರುತಿಸಲು ಸಾಧ್ಯವಿಲ್ಲ. ಒಂದು ಘನ ಸೆಂಟಿಮೀಟರ್ ತೈಲದಲ್ಲಿಯೂ ಅಷ್ಟೇ ನೀರಿನಲ್ಲಿಯೂ ಜಲಜನಕದ ಪ್ರಮಾಣ ಹೆಚ್ಚುಕಡಿಮೆ ಒಂದೇ. ಬೇರೆಯಾಗಿ ಎದ್ದು ಕಾಣುವುದು ನೈಸರ್ಗಿಕ ಅನಿಲ. ಅದರ ಸಾಂದ್ರತೆ ಕಡಿಮೆಯಾದ್ದರಿಂದ ಜಲಜನಕವೂ ಕಡಿಮೆ.

ತೈಲವನ್ನು ಗೊತ್ತುಮಾಡುವುದು ಹಲವು ಲಾಗ್‌ಗಳನ್ನು ಅಕ್ಕಪಕ್ಕ ಇಟ್ಟು ಓದುವುದರಿಂದ. ಒಂದು ಕಾಲ್ಪನಿಕ ಬಾವಿಯನ್ನು ತೆಗೆದುಕೊಳ್ಳೋಣ. 2,000 ಮೀಟರ್ ಆಳದಲ್ಲಿ ಜೇಡಿಯ ಅಂಶವಿಲ್ಲದ ಮರಳುಗಲ್ಲಿನ ದಪ್ಪ ಪದರವೊಂದಿದೆ. ಅದರ ಕೆಳಭಾಗದಲ್ಲಿ, ಶಿಲೆಗೆ ತಕ್ಕ ತಿದ್ದುಪಡಿ ಮಾಡಿದ ಮೇಲೆ, ನ್ಯೂಟ್ರಾನ್ ಲಾಗ್ ಶೇ. 23 ರಂಧ್ರತೆ ತೋರಿಸುತ್ತದೆ, ಶಿಲೆಯ ಸಾಂದ್ರತೆಯನ್ನು ಅಳೆದು ಅದರಿಂದ ರಂಧ್ರತೆ ತಿಳಿಸುವ ಸಾಂದ್ರತೆಯ ಲಾಗ್ ಕೂಡ ಶೇ. 23 ಎನ್ನುತ್ತದೆ. ಎರಡೂ ಒಪ್ಪಿದವು, ರಂಧ್ರಗಳಲ್ಲಿರುವುದು ದ್ರವ. ಅಲ್ಲಿ ವಿದ್ಯುತ್ ರೋಧ 1 ಓಮ್-ಮೀಟರ್. ಭೂಗರ್ಭದ ನೀರು ಉಪ್ಪಾಗಿದ್ದು ವಿದ್ಯುತ್ತನ್ನು ಸರಾಗವಾಗಿ ಹರಿಯಗೊಡುವುದರಿಂದ, ಇದು ನೀರು ತುಂಬಿದ ಭಾಗವೆಂದು ತಿಳಿಯುತ್ತದೆ. ಅದೇ ಪದರದ ಮಧ್ಯಭಾಗದಲ್ಲಿ ರಂಧ್ರತೆ ಎರಡೂ ಲಾಗ್‌ಗಳಲ್ಲಿ ಶೇ. 23 ಆಗಿಯೇ ಉಳಿದು, ರೋಧ ಮಾತ್ರ 40 ಓಮ್-ಮೀಟರಿಗೆ ಏರಿದೆ. ಶಿಲೆ ಬದಲಾಗಿಲ್ಲ, ರಂಧ್ರತೆ ಬದಲಾಗಿಲ್ಲ, ದ್ರವವೂ ದ್ರವವೇ. ಬದಲಾದದ್ದು ಆ ದ್ರವ ವಿದ್ಯುತ್ತನ್ನು ಬಿಟ್ಟುಕೊಡುವ ಬಗೆ. ಉಪ್ಪುನೀರಿನ ಜಾಗದಲ್ಲಿ ತೈಲ ಬಂದು ಕೂತಿದೆ ಎಂದು ಹೇಳಲು ಇಷ್ಟು ಸಾಕು. ಎಷ್ಟು ಎಂಬುದನ್ನು ಅಮೆರಿಕದ ತೈಲ ತಜ್ಞ ಆರ್ಚಿ 1942ರಲ್ಲಿ ಪ್ರಕಟಿಸಿದ ಸೂತ್ರದಿಂದ ಲೆಕ್ಕ ಹಾಕಬಹುದು: 1ನ್ನು 40ರಿಂದ ಭಾಗಿಸಿ ವರ್ಗಮೂಲ ತೆಗೆದರೆ ಸುಮಾರು 0.16. ಅಂದರೆ ರಂಧ್ರಗಳ ಶೇ. 16ರಷ್ಟು ಜಾಗದಲ್ಲಿ ನೀರು, ಮಿಕ್ಕ ಶೇ. 84ರಲ್ಲಿ ತೈಲ.

ಇನ್ನೂ ಮೇಲಕ್ಕೆ ಹೋದಾಗ ರೋಧ ಹೆಚ್ಚಾಗಿಯೇ ಇದ್ದು, ನ್ಯೂಟ್ರಾನ್ ಲಾಗ್ ಶೇ. 10ಕ್ಕೆ ಕುಸಿದು, ಸಾಂದ್ರತೆಯ ಲಾಗ್ ಶೇ. 28ಕ್ಕೆ ಏರಿದೆ ಎಂದಿಟ್ಟುಕೊಳ್ಳಿ. ಕಾಗದದ ಮೇಲೆ ಎರಡು ಗೆರೆಗಳು ಒಂದನ್ನೊಂದು ದಾಟಿ ದೂರ ಸರಿಯುತ್ತವೆ. ಇದು ಅನಿಲದ ಗುರುತು. ಜಲಜನಕ ಕಡಿಮೆಯಾದ್ದರಿಂದ ನ್ಯೂಟ್ರಾನ್ ಲಾಗ್ ರಂಧ್ರಗಳೇ ಕಡಿಮೆ ಎಂದು ತಿಳಿಯುತ್ತದೆ. ತೂಕ ಕಡಿಮೆಯಾದ್ದರಿಂದ ಸಾಂದ್ರತೆಯ ಲಾಗ್ ರಂಧ್ರಗಳು ಹೆಚ್ಚು ಎಂದು ತಿಳಿಯುತ್ತದೆ. ಎರಡೂ ಒಂದೊಂದು ಬಗೆಯಲ್ಲಿ ತಪ್ಪುತ್ತವೆ, ಆದರೆ ತಪ್ಪುವ ದಿಕ್ಕು ಬೇರೆಬೇರೆಯಾದ್ದರಿಂದ ನಿಜ ಹೊರಬೀಳುತ್ತದೆ. ಈ ವಿದ್ಯೆಯಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಇದು.

ಉಕ್ಕಿನ ಕೇಸಿಂಗ್ ಇಳಿಸಿದ ಹಳೆಯ ಬಾವಿಯಲ್ಲಿ ವಿದ್ಯುತ್ ರೋಧ ಅಳೆಯುವುದು ಹೇಗೆ?

ಸಾಮಾನ್ಯ ರೋಧದ ಉಪಕರಣ ಅಲ್ಲಿ ಕೆಲಸಕ್ಕೆ ಬಾರದು, ಏಕೆಂದರೆ ವಿದ್ಯುತ್ ಉಕ್ಕಿನಲ್ಲಿಯೇ ಹರಿದುಹೋಗುತ್ತದೆ. ಬಿಟ್ಟು ಬಿಟ್ಟು ನ್ಯೂಟ್ರಾನ್ ಹೊರಸೂಸುವ ಜನಕದ ಬೆಲೆ ತಿಳಿಯುವುದು ಇಂತಹ ಬಾವಿಗಳಲ್ಲಿ. ನ್ಯೂಟ್ರಾನುಗಳನ್ನು ಕ್ಷಣಮಾತ್ರ ಬಿಟ್ಟು ನಿಲ್ಲಿಸಿ, ನಿಧಾನಗೊಂಡ ನ್ಯೂಟ್ರಾನುಗಳನ್ನು ಶಿಲೆ ಎಷ್ಟು ಬೇಗ ಹೀರಿಕೊಳ್ಳುತ್ತದೆ ಎಂಬುದನ್ನು ಅಳೆಯುತ್ತಾರೆ. ಉಪ್ಪಿನಲ್ಲಿರುವ ಕ್ಲೋರಿನ್ ನಿಧಾನ ನ್ಯೂಟ್ರಾನುಗಳನ್ನು ಹೀರುವುದರಲ್ಲಿ ಜಲಜನಕಕ್ಕಿಂತ ಸುಮಾರು ನೂರು ಪಟ್ಟು ಮುಂದು. ಆದ್ದರಿಂದ ಉಪ್ಪುನೀರಿರುವ ಪದರದಲ್ಲಿ ಅವು ಬೇಗ ಮಾಯವಾಗುತ್ತವೆ, ತೈಲವಿರುವ ಪದರದಲ್ಲಿ ಹೆಚ್ಚು ಹೊತ್ತು ಉಳಿಯುತ್ತವೆ. ವರ್ಷಗಳ ಕಾಲ ತೈಲ ತೆಗೆದ ಕ್ಷೇತ್ರದಲ್ಲಿ ನೀರಿನ ಮಟ್ಟ ಎಲ್ಲಿಯವರೆಗೆ ಏರಿದೆ ಎಂಬುದನ್ನು ಇದರಿಂದ ಆಗಾಗ ಪರೀಕ್ಷಿಸಬಹುದು.

ಭೂಗರ್ಭದ ನೀರು ಸಿಹಿಯಾಗಿದ್ದರೆ ಈ ಉಪಾಯವೂ ಸೋಲುತ್ತದೆ. ಆಗ ಉಳಿಯುವ ದಾರಿ ಇಂಗಾಲ ಮತ್ತು ಆಮ್ಲಜನಕದ ಅನುಪಾತ. ಅತಿವೇಗದ ನ್ಯೂಟ್ರಾನ್ ಬಡಿದಾಗ ಇಂಗಾಲದ ಬೀಜ 44 ಲಕ್ಷ ಎಲೆಕ್ಟ್ರಾನ್ ವೋಲ್ಟಿಗೆ ತುಸು ಮೇಲಿನ ಗಾಮಾ ಕಿರಣವನ್ನೂ, ಆಮ್ಲಜನಕದ ಬೀಜ 61 ಲಕ್ಷಕ್ಕೆ ತುಸು ಮೇಲಿನದನ್ನೂ ಹೊರಸೂಸುತ್ತವೆ. ತೈಲದಲ್ಲಿ ಇಂಗಾಲವಿದೆ, ನೀರಿನಲ್ಲಿ ಆಮ್ಲಜನಕವಿದೆ. ನ್ಯೂಟ್ರಾನ್ ತೈಲವನ್ನೇ ಗುರುತಿಸುತ್ತದೆ ಎಂಬ ಮಾತು ನಿಜಕ್ಕೆ ಅತಿ ಹತ್ತಿರ ಬರುವುದು ಈ ವಿಧಾನದಲ್ಲಿ. ಆದರೂ ಎಚ್ಚರ ಬೇಕು: ಸುಣ್ಣಕಲ್ಲಿನಲ್ಲಿಯೂ ಇಂಗಾಲವಿದೆ, ಹಾಗಾಗಿ ಶಿಲೆ ಯಾವುದೆಂದು ಮೊದಲೇ ತಿಳಿದಿರಬೇಕು. ರಂಧ್ರತೆ ಕಡಿಮೆಯಿದ್ದರೆ ವ್ಯತ್ಯಾಸ ಸಿಗುವುದೇ ಇಲ್ಲ, ಅಳತೆಗೂ ಹೆಚ್ಚು ಸಮಯ ಹಿಡಿಯುತ್ತದೆ.

ಲಾಗ್ ಓದುವವರು ಎಲ್ಲಿ ಎಡವಬಹುದು?

ಎಲ್ಲಕ್ಕಿಂತ ಹೆಚ್ಚಾಗಿ ಜೇಡಿಶಿಲೆಯಲ್ಲಿ. ಜೇಡಿಯ ಖನಿಜಗಳು ತಮ್ಮೊಳಗೆ ನೀರನ್ನು ಹಿಡಿದಿಟ್ಟುಕೊಂಡಿರುತ್ತವೆ. ಆ ನೀರು ಹರಿಯುವಂಥದ್ದಲ್ಲ, ಆ ಜಾಗದಲ್ಲಿ ತೈಲ ಇರುವಂತೆಯೂ ಇಲ್ಲ, ಆದರೆ ನ್ಯೂಟ್ರಾನ್ ಅದನ್ನೂ ರಂಧ್ರತೆಯೆಂದೇ ಎಣಿಸಿಬಿಡುತ್ತದೆ. ಆದ್ದರಿಂದ ಶಿಲೆ ತಾನಾಗಿಯೇ ಸೂಸುವ, ಜೇಡಿಯಲ್ಲಿ ಹೆಚ್ಚಾಗಿರುವ ವಿಕಿರಣವನ್ನು ಅಳೆಯುವ ನೈಸರ್ಗಿಕ ಗಾಮಾ ಕಿರಣದ ಲಾಗ್ ನೋಡಿ ಜೇಡಿ ಎಷ್ಟಿದೆ ಎಂದು ತೀರ್ಮಾನಿಸದೆ ನ್ಯೂಟ್ರಾನ್ ಲಾಗ್ ಕಡೆಗೆ ಕಣ್ಣು ಹಾಯಿಸಬಾರದು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಜಿಪ್ಸಂನ ಹರಳಿನಲ್ಲಿಯೂ ನೀರಿನ ಅಣುಗಳಿರುವುದರಿಂದ ಅಲ್ಲೂ ಇದೇ ತೊಂದರೆ. ಸುಣ್ಣಕಲ್ಲಿನ ಮಾಪನದಲ್ಲಿ ಬರೆದ ಲಾಗ್ ಮರಳುಗಲ್ಲಿನಲ್ಲಿ ನಿಜಕ್ಕಿಂತ ಕಡಿಮೆ ರಂಧ್ರತೆ ತೋರಿಸುತ್ತದೆ. ಇನ್ನೊಂದು ವಿಷಯ: ಕೊರೆಯುವಾಗ ಬಳಸಿದ ಕೆಸರಿನ ನೀರು ಬಾವಿಯ ಸುತ್ತಲಿನ ಶಿಲೆಗೆ ಇಳಿದು ಅಲ್ಲಿದ್ದ ತೈಲವನ್ನೋ ಅನಿಲವನ್ನೋ ದೂರ ತಳ್ಳಿರುತ್ತದೆ. ಉಪಕರಣಕ್ಕೆ ಕಾಣುವ ಗೇಣುದ್ದದ ಭಾಗ ಅದೇ ಆದ್ದರಿಂದ ಅನಿಲದ ಗುರುತು ಮಸುಕಾಗುವುದುಂಟು.

ಇದನ್ನು ಮೊದಲು ಮಾಡಿದವರು ಯಾರು?

ನ್ಯೂಟ್ರಾನನ್ನು ಜೇಮ್ಸ್ ಚಾಡ್ವಿಕ್ ಕಂಡುಹಿಡಿದದ್ದು 1932ರಲ್ಲಿ. 1934ರಲ್ಲಿ ರೋಮ್ ನಗರದಲ್ಲಿ ಎನ್ರಿಕೊ ಫರ್ಮಿ ಮತ್ತು ಸಂಗಡಿಗರು ಜಲಜನಕವಿರುವ ವಸ್ತುಗಳ ಮೂಲಕ ಹಾದ ನ್ಯೂಟ್ರಾನುಗಳು ನಿಧಾನಗೊಳ್ಳುತ್ತವೆ ಎಂದು ತೋರಿಸಿದರು. ಆ ತಂಡದ ಕಿರಿಯ ಸದಸ್ಯ ಬ್ರೂನೊ ಪಾಂಟೆಕೊರ್ವೊ ಮುಂದೆ ಅಮೆರಿಕದ ಓಕ್ಲಹೋಮಾ ರಾಜ್ಯದ ಟಲ್ಸಾ ನಗರದ ಸಂಸ್ಥೆಯೊಂದರಲ್ಲಿ ಕೆಲಸಕ್ಕಿದ್ದಾಗ ಅದೇ ತತ್ತ್ವವನ್ನು ತೈಲಬಾವಿಗೆ ಇಳಿಸಿ, 1941ರಲ್ಲಿ ಪ್ರಬಂಧ ಪ್ರಕಟಿಸಿದರು. ಪ್ರಯೋಗಶಾಲೆಯ ಸಂಶೋಧನೆ ಏಳೇ ವರ್ಷಗಳಲ್ಲಿ ಬಾವಿಯೊಳಗೆ ಇಳಿದದ್ದನ್ನು ವಿದ್ಯಾರ್ಥಿಗಳಿಗೆ ನಾನು ತಪ್ಪದೆ ಹೇಳುತ್ತೇನೆ.

ಮಲೆನಾಡಿನ ನೆಲದಡಿಯಲ್ಲಿ ತೈಲ ಇರಬಹುದೇ?

ಇಲ್ಲ. ಇದು ಹುಡುಕದೆ ಹೇಳುವ ಮಾತಲ್ಲ, ಶಿಲೆಗಳೇ ಕೊಡುವ ಉತ್ತರ. ಪ್ರಾಚೀನ ಸಮುದ್ರ ಮತ್ತು ಸರೋವರಗಳ ತಳದಲ್ಲಿ ಪಾಚಿಯಂತಹ ಸೂಕ್ಷ್ಮ ಜೀವಿಗಳ ಅವಶೇಷಗಳು ಕೆಸರಿನೊಂದಿಗೆ ಹೂತು, ಸುಮಾರು 60ರಿಂದ 120 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ದೀರ್ಘಕಾಲ ಬೆಂದಾಗ ತೈಲವಾಗುತ್ತದೆ. ಅದು ಕೂಡಿಕೊಳ್ಳಲು ರಂಧ್ರಗಳಿರುವ ಶಿಲೆಯೂ, ಮೇಲೆ ಸೋರದಂತೆ ಮುಚ್ಚುವ ಪದರವೂ ಬೇಕು. ಮುಂಬೈ ಹೈ ಕ್ಷೇತ್ರದ ಸುಣ್ಣಕಲ್ಲಿನಲ್ಲಿ, ಗುಜರಾತಿನ ಅಂಕಲೇಶ್ವರದಲ್ಲಿ, ಅಸ್ಸಾಮಿನ ಮರಳುಗಲ್ಲುಗಳಲ್ಲಿ ಇವೆಲ್ಲ ಕೂಡಿಬಂದಿವೆ.

ಶಿವಮೊಗ್ಗ, ತೀರ್ಥಹಳ್ಳಿ, ಸಾಗರ, ಚಿಕ್ಕಮಗಳೂರು ಕಡೆಯ ನೆಲವೋ ಧಾರವಾಡ ಶಿಲಾಸಮೂಹಕ್ಕೂ ಅದರ ತಳದ ನೈಸ್ ಶಿಲೆಗಳಿಗೂ ಸೇರಿದ್ದು. ಇವುಗಳ ವಯಸ್ಸು 250 ಕೋಟಿ ವರ್ಷಗಳಿಗೂ ಹೆಚ್ಚು. ಧಾರವಾಡ ಶಿಲೆಗಳಲ್ಲಿ ಒಂದು ಕಾಲದ ಸಮುದ್ರದ ಕೆಸರೂ ಸೂಕ್ಷ್ಮಜೀವಿಗಳು ಕಟ್ಟಿದ ಸ್ಟ್ರೊಮಟೊಲೈಟ್ ಪದರಗಳೂ ಇವೆ, ನಿಜ. ಆದರೆ ಅವು ತೈಲ ತಾಳಲಾರದಷ್ಟು ಶಾಖಕ್ಕೂ ಒತ್ತಡಕ್ಕೂ ಸಿಕ್ಕಿ ರೂಪಾಂತರ ಹೊಂದಿವೆ. ಅಂದಿನ ಜೀವಾಂಶ ಏನಾದರೂ ಉಳಿದಿದ್ದರೆ ಅದು ಗ್ರಾಫೈಟ್ ಆಗಿರುತ್ತದೆಯೇ ಹೊರತು ತೈಲವಾಗಿ ಅಲ್ಲ. ಈ ನೆಲ ನಮಗೆ ಕೊಟ್ಟದ್ದು ಕುದುರೆಮುಖದ ಕಬ್ಬಿಣ, ಕುಂಸಿಯ ಮ್ಯಾಂಗನೀಸ್.

ತೈಲಕ್ಕೂ ಈ ಬಗೆಯ ಗಟ್ಟಿ ಶಿಲೆಗೂ ಬೇರೊಂದು ನಂಟು ಮಾತ್ರ ಇದೆ. ಘಟ್ಟದ ಕೆಳಗೆ ಮಂಗಳೂರು ಮತ್ತು ಉಡುಪಿ ಜಿಲ್ಲೆಯ ಪಾದೂರಿನಲ್ಲಿ ನೆಲದಡಿಯ ಬಂಡೆಯನ್ನು ಕೊರೆದು ಕ್ರಮವಾಗಿ 15 ಲಕ್ಷ ಮತ್ತು 25 ಲಕ್ಷ ಟನ್ ಕಚ್ಚಾತೈಲ ಹಿಡಿಸುವ ಗುಹೆಗಳನ್ನು ಮಾಡಿದ್ದಾರೆ. ಸುತ್ತಲಿನ ಅಂತರ್ಜಲದ ಒತ್ತಡವೇ ತೈಲ ಹೊರಗೆ ಸೋರದಂತೆ ತಡೆಯುತ್ತದೆ.

ನಮ್ಮ ತೋಟದ ಬಸಿಗಾಲುವೆಯ ನೀರಿನ ಮೇಲೆ ಎಣ್ಣೆಯಂತಹ ಬಣ್ಣಬಣ್ಣದ ಪೊರೆ ಕಾಣುತ್ತದೆ. ಅದು ತೈಲವಲ್ಲವೇ?

ಹೊಸನಗರ, ತೀರ್ಥಹಳ್ಳಿ ಕಡೆಯವರು ಇದನ್ನು ಹೆಚ್ಚಾಗಿ ಕೇಳುತ್ತಾರೆ, ಕೆಲವರು ಬಾಟಲಿಯಲ್ಲಿ ತಂದು ತೋರಿಸುವುದೂ ಉಂಟು. ಜಂಬಿಟ್ಟಿಗೆ ನೆಲದಿಂದ ಒಸರುವ ನೀರಿನಲ್ಲಿ ಕರಗಿದ ಕಬ್ಬಿಣ ಇರುತ್ತದೆ. ಅದು ಗಾಳಿಗೆ ತೆರೆದುಕೊಂಡಾಗ, ಕಬ್ಬಿಣವನ್ನೇ ಆಹಾರದಂತೆ ಬಳಸುವ ಬ್ಯಾಕ್ಟೀರಿಯಾಗಳ ಸಹಾಯದಿಂದ, ನಿಂತ ನೀರಿನ ಮೇಲೆ ತೆಳುವಾದ ಪೊರೆಯಾಗಿ ಕಟ್ಟುತ್ತದೆ. ತಳದಲ್ಲಿ ಕಿತ್ತಳೆ ಬಣ್ಣದ ಲೋಳೆಯಂತಹ ರಾಡಿ ಕೂತಿದ್ದರೆ ಅನುಮಾನವೇ ಬೇಡ. ಒಂದು ಕಡ್ಡಿಯಿಂದ ಪೊರೆಯನ್ನು ಕಲಕಿ ನೋಡಿ: ಕಬ್ಬಿಣದ ಪೊರೆ ಮೂಲೆಮೂಲೆಯಾದ ಚೂರುಗಳಾಗಿ ಒಡೆದು ಹಾಗೆಯೇ ಬಿಡಿಬಿಡಿಯಾಗಿ ತೇಲುತ್ತದೆ, ಎಣ್ಣೆಯ ಪೊರೆ ಸುಳಿಯಾಗಿ ತಿರುಗಿ ಕಡ್ಡಿಯ ಹಿಂದೆಯೇ ಮತ್ತೆ ಕೂಡಿಕೊಳ್ಳುತ್ತದೆ. ಹೀಗೆ ಕೂಡಿಕೊಂಡು, ಸೀಮೆಎಣ್ಣೆಯ ಅಥವಾ ಡೀಸೆಲ್‌ನ ವಾಸನೆಯೂ ಬಂದರೆ, ಹತ್ತಿರದ ಪಂಪ್‌ಸೆಟ್ಟೋ ಡೀಸೆಲ್ ಟ್ಯಾಂಕೋ ಸೋರುತ್ತಿದೆಯೇ ಎಂದು ನೋಡಿ. ಅಂತಹ ನೀರನ್ನು ಕುಡಿಯಬೇಡಿ, ದನಕರುಗಳಿಗೂ ಕೊಡಬೇಡಿ.

ಬೋರ್‌ವೆಲ್‌ನಲ್ಲಿ ನೀರು ಹುಡುಕಲು ಈ ಉಪಕರಣವನ್ನು ತರಿಸಬಹುದೇ?

ನೀರಿನಲ್ಲಿ ಜಲಜನಕವಿದೆಯಲ್ಲ ಎಂದು ಯೋಚಿಸಿ ಕೇಳುವವರ ತರ್ಕ ಸರಿಯಾಗಿಯೇ ಇದೆ. ತೊಂದರೆಯಿರುವುದು ನಮ್ಮ ಶಿಲೆಯಲ್ಲಿ. ಮೇಲಿನ ಶಿಥಿಲ ಪದರವನ್ನು ದಾಟಿದ ಮೇಲೆ ಸಿಗುವ ಬಂಡೆಯಲ್ಲಿ ರಂಧ್ರಗಳು ಇಲ್ಲವೆನ್ನುವಷ್ಟು ಕಡಿಮೆ, ನೀರು ಬರುವುದು ಬಿರುಕುಗಳಿಂದ. ಕೆಲವೇ ಮಿಲಿಮೀಟರ್ ಅಗಲದ ಬಿರುಕು ತುಂಬ ನೀರು ಕೊಡಬಲ್ಲದಾದರೂ, ಅದರಲ್ಲಿ ಒಂದು ಕ್ಷಣಕ್ಕೆ ನಿಂತಿರುವ ನೀರು ಅತ್ಯಲ್ಪ. ಬಾವಿಯೊಳಗೆ ತುಂಬಿದ ನೀರೇ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಜಲಜನಕವನ್ನು ತೋರಿಸುತ್ತದೆ. ಮೇಲಾಗಿ ನ್ಯೂಟ್ರಾನ್ ಆಕರವನ್ನು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಇಲ್ಲದೆ ಯಾರೂ ಇಟ್ಟುಕೊಳ್ಳುವಂತಿಲ್ಲ. ಕೊರೆಯುವ ಮುನ್ನ ನೆಲದ ಮೇಲಿನಿಂದ ವಿದ್ಯುತ್ ರೋಧದ ಸಮೀಕ್ಷೆ ಮಾಡಿಸುವುದು, ಕೊರೆದ ಮೇಲೆ ಕ್ಯಾಮೆರಾ ಇಳಿಸಿ ಬಿರುಕುಗಳನ್ನು ನೋಡುವುದು, ಇವು ನಮ್ಮ ನೆಲಕ್ಕೆ ಒಗ್ಗುವ ದಾರಿಗಳು. ಅಣುಶಕ್ತಿಯ ಯಂತ್ರದಿಂದ ನೀರು ತೋರಿಸುತ್ತೇವೆ ಎಂದು ಯಾರಾದರೂ ಮುಂಗಡ ಕೇಳಿದರೆ ದಯವಿಟ್ಟು ಕೊಡಬೇಡಿ.

ಕೃಷಿ ಸಂಶೋಧನೆಯಲ್ಲಿ ಮಾತ್ರ ಇದೇ ತತ್ತ್ವದ ಸಣ್ಣ ಉಪಕರಣವೊಂದು ಬಹುಕಾಲದಿಂದ ಇದೆ. ಮಣ್ಣಿನೊಳಗೆ ಇಳಿಸಿ ತೇವಾಂಶ ಅಳೆಯುತ್ತಾರೆ.

ಲಾಗಿಂಗ್‌ನಿಂದ ಅಂತರ್ಜಲಕ್ಕೆ ವಿಕಿರಣ ಸೇರುವುದಿಲ್ಲವೇ?

ಆಕರವನ್ನು ಉಕ್ಕಿನ ಕವಚದೊಳಗೆ ಬೆಸುಗೆ ಹಾಕಿ ಮುಚ್ಚಿರುತ್ತಾರೆ, ಪುಡಿ ನೀರಿಗೆ ತಾಗುವುದಿಲ್ಲ. ನ್ಯೂಟ್ರಾನ್ ತಾಗಿದ ಶಿಲೆಯಲ್ಲಿ ಅಲ್ಪ ವಿಕಿರಣ ಹುಟ್ಟುವುದು ನಿಜವಾದರೂ ಅದು ಬೇಗ ಆರಿಹೋಗುತ್ತದೆ: ಅಲ್ಯೂಮಿನಿಯಂ-28ರ ಅರ್ಧಾಯು 2 ನಿಮಿಷಕ್ಕೆ ತುಸು ಹೆಚ್ಚು, ಸೋಡಿಯಂ-24ರದು 15 ಗಂಟೆ. ನಿಜವಾದ ಅಪಾಯವಿರುವುದು ಮೇಲೆ ಕೆಲಸ ಮಾಡುವವರಿಗೆ. ಆದ್ದರಿಂದ ಆಕರವನ್ನು ಜಲಜನಕ ಹೆಚ್ಚಿರುವ ಪ್ಲಾಸ್ಟಿಕ್ಕಿನ ದಪ್ಪ ಪೆಟ್ಟಿಗೆಯಲ್ಲಿ ಸಾಗಿಸಿ, ಉದ್ದನೆಯ ಹಿಡಿಕೆಯಿಂದಲೇ ಎತ್ತಿ ಉಪಕರಣಕ್ಕೆ ಸೇರಿಸುತ್ತಾರೆ. ಪ್ರತಿಯೊಬ್ಬರೂ ವಿಕಿರಣ ಅಳೆಯುವ ಬ್ಯಾಡ್ಜ್ ಧರಿಸಿರಬೇಕು. ಉಪಕರಣ ಬಾವಿಯೊಳಗೆ ಸಿಕ್ಕಿಕೊಂಡರೆ ಹೊರತೆಗೆಯಲು ಎಲ್ಲ ಪ್ರಯತ್ನ ಮಾಡಿ, ಆಗದಿದ್ದರೆ ಅದನ್ನು ಸಿಮೆಂಟಿನಿಂದ ಮುಚ್ಚಿ, ಆ ಜಾಗವನ್ನು ಮತ್ತಾರೂ ಕೊರೆಯದಂತೆ ದಾಖಲೆಯಲ್ಲಿ ಗುರುತಿಸುತ್ತಾರೆ.

ಕೈಗಾ ಸ್ಥಾವರದಲ್ಲಿಯೂ ನ್ಯೂಟ್ರಾನ್ ನಿಧಾನಗೊಳಿಸುತ್ತಾರಂತೆ. ಎರಡೂ ಒಂದೆಯೇ?

ತತ್ತ್ವ ಒಂದೇ, ಉದ್ದೇಶ ಬೇರೆ. ಕೈಗಾದಲ್ಲಿ ಭಾರಜಲ ಬಳಸುತ್ತಾರೆ. ಅದರ ಡ್ಯುಟೀರಿಯಂ ನ್ಯೂಟ್ರಾನುಗಳನ್ನು ನಿಧಾನಗೊಳಿಸಿಯೂ ಹೀರಿಕೊಳ್ಳದೆ ಬಿಡುವುದರಿಂದ ವಿದಳನ, ಅಂದರೆ ಪರಮಾಣು ಬೀಜಗಳು ಒಡೆಯುವುದು, ಸರಪಳಿಯಾಗಿ ಮುಂದುವರಿಯುತ್ತದೆ. ತೈಲಬಾವಿಯಲ್ಲಿ ಯಾವ ವಿದಳನವೂ ಇಲ್ಲ.

ಈ ಕ್ಷೇತ್ರಕ್ಕೆ ಹೋಗಬಯಸುವ ಶಿವಮೊಗ್ಗದ ವಿದ್ಯಾರ್ಥಿ ಏನು ಓದಬೇಕು?

ಭೌತಶಾಸ್ತ್ರ, ಗಣಿತ, ಭೂವಿಜ್ಞಾನ, ಈ ಮೂರರಲ್ಲಿ ಎರಡಾದರೂ ಪದವಿಯಲ್ಲಿ ಗಟ್ಟಿಯಾಗಿರಲಿ. ಅಲ್ಲಿಂದ ಮುಂದೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನದ ಸ್ನಾತಕೋತ್ತರ ವ್ಯಾಸಂಗ ಮಾಡಬಹುದು, ಭೂಭೌತಶಾಸ್ತ್ರವೇ ಬೇಕೆಂದರೆ ಧನಬಾದಿನ ಐಐಟಿಯಂತಹ ಕಡೆ ಪ್ರಯತ್ನಿಸಬಹುದು. ಭೂವಿಜ್ಞಾನ ಮತ್ತು ಭೂಭೌತಶಾಸ್ತ್ರ ವಿಷಯದ ಗೇಟ್ ಪರೀಕ್ಷೆಯ ತಯಾರಿಯನ್ನು ಸ್ನಾತಕೋತ್ತರದ ಮೊದಲ ವರ್ಷದಲ್ಲಿಯೇ ಶುರುಮಾಡುವುದು ಒಳ್ಳೆಯದು. ಜೊತೆಗೆ, ಯಾವುದಾದರೂ ಮಾದರಿ ಲಾಗ್ ಸಿಕ್ಕರೆ ಕಂಪ್ಯೂಟರಿಗೆ ಕೊಡುವ ಮೊದಲು ಪೆನ್ಸಿಲ್ ಹಿಡಿದು, ಗಾಮಾ ಕಿರಣದ ಗೆರೆಯಿಂದ ಜೇಡಿಯ ಪದರಗಳನ್ನು ಬೇರ್ಪಡಿಸಿ, ಉಳಿದ ಪದರಗಳಲ್ಲಿ ನ್ಯೂಟ್ರಾನ್ ಮತ್ತು ಸಾಂದ್ರತೆಯ ಗೆರೆಗಳು ಎಲ್ಲಿ ಕೂಡುತ್ತವೆ, ಎಲ್ಲಿ ದಾಟುತ್ತವೆ ಎಂದು ಗುರುತು ಹಾಕಿ, ಆಮೇಲೆ ರೋಧದ ಗೆರೆಯನ್ನು ನೋಡಿ.